ಹಳೇ ಮನೆ ಕೊಂಡಿದ್ದೀವಿ, ಮೊದಲು ಯಾವುದಕ್ಕೆ ಕೈ ಹಾಕೋಣ?

ಈ ಸಲದ ಪತ್ರಗಳಲ್ಲಿ ಮೂರು ಹಳೇ ಮನೆಗಳದ್ದೇ. ಒಂದು ಕಲಬುರಗಿಯಿಂದ, ಒಂದು ಬೀದರ್‌ನಿಂದ, ಇನ್ನೊಂದು ಯಾದಗಿರಿ ಜಿಲ್ಲೆಯಿಂದ. ಕಲಬುರಗಿಯ ಪತ್ರ ಉದ್ದವಾಗಿದೆ, ನನ್ನ ಉತ್ತರ ಅದಕ್ಕಿಂತ ಉದ್ದ. ಸಹಿಸಿಕೊಳ್ಳಿ.

ಪ್ರಶ್ನೆ: ಅಣ್ಣಾರೆ, ನಮಸ್ಕಾರ. ನಾನು, ನಮ್ಮ ಮನೆಯವರು ಇಬ್ಬರೂ ಶಾಲಾ ಶಿಕ್ಷಕರು. ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿದ್ದು ಈಗ ಬ್ರಹ್ಮಪುರದ ಕಡೆ ಒಂದು ಹಳೇ ಮನೆ ಕೊಂಡಿದ್ದೀವಿ. ಅರವತ್ತು ವರ್ಷದ ಮನೆಯಂತೆ. ಕಲ್ಲು-ಮಣ್ಣಿನ ಗೋಡೆ. ಮುಂದಿನ ಮೂರು ಕೋಣೆಗೆ ಗರ್ಡರ್ ಮೇಲೆ ಫರಸಿ ಹಾಸಿದ ಛಾವಣಿ, ಹಿಂದಿನ ಎರಡಕ್ಕೆ ಜಂತಿ ಮಾಳಗಿ, ಅಂದರೆ ಕಟ್ಟಿಗೆ ತೊಲೆಗಳ ಮೇಲೆ ಮಣ್ಣು ಹಾಕಿದ ಛಾವಣಿ. ಅಡುಗೆಮನೆ, ಬಚ್ಚಲು ಮಾತ್ರ 1995ರಲ್ಲಿ ಸ್ಲ್ಯಾಬ್ ಹಾಕಿ ಕಟ್ಟಿದ್ದು. ಕೈಯಲ್ಲಿ 6 ಲಕ್ಷ ಇದೆ. ದಸರೆಗೆ ಒಕ್ಕಲು ಹೋಗಬೇಕು ಅಂತ ಅತ್ತೆಯವರ ಆಸೆ. ನಮ್ಮ ಪಟ್ಟಿ ಹೀಗಿದೆ: 1. ಮಾಡ್ಯುಲರ್ ಕಿಚನ್. 2. ಹಳೇ ಫರಸಿ ಕಿತ್ತು ಟೈಲ್ಸ್. 3. ಒಳಗೆ ಹೊರಗೆ ಬಣ್ಣ. 4. ಅಡುಗೆಮನೆ ಗೋಡೆ ಹಳೇ ಗೋಡೆಗೆ ಕೂಡುವಲ್ಲಿ ಓರೆಯಾಗಿ ಬಿರುಕು ಬಿಟ್ಟಿದೆ, ನಾಣ್ಯ ನಿಲ್ಲುತ್ತದೆ, ಅದನ್ನು ಮುಚ್ಚಿಸಬೇಕು. 5. ಹಿಂದಿನ ಕೋಣೆ ಸೋರುತ್ತದೆ, ಮಣ್ಣು ಉದುರುತ್ತದೆ. 6. ಬಚ್ಚಲ ನೀರು ಹೋಗೋ ಕಡೆ ಗೋಡೆ ತೇವ. 7. ಹಳೇ ವೈರಿಂಗ್, ಕಟ್ಟಿಗೆ ಪಟ್ಟಿ ಮೇಲೆ ಇದೆ, ಕೂಲರ್ ಮುಟ್ಟಿದರೆ ಜುಮ್ ಅನ್ನುತ್ತದೆ. 8. ಬಾಗಿಲ ಚೌಕಟ್ಟಿಗೆ ವರಲಿ (ಗೆದ್ದಲು) ಹತ್ತಿದೆ. ಮಾಳಗಿ ಮೇಲೆ ಮೂರಿಂಚು ಕಾಂಕ್ರೀಟ್ ಹಾಕಿಸಿಬಿಡಿ, ಸೋರೋದೂ ನಿಲ್ಲುತ್ತದೆ, ಮೇಲೆ ನೀರಿನ ಟ್ಯಾಂಕೂ ಇಡಬಹುದು ಅಂತ ಮೈದುನ ಹೇಳುತ್ತಾನೆ. ಯಾವುದು ಮೊದಲು ಮಾಡೋಣ?

ಉತ್ತರ: ಅಕ್ಕೋರೆ, ಮನೆ ಆದದ್ದಕ್ಕೆ ಮೊದಲು ಖುಷಿ. ನಿಮ್ಮ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಮಕ್ಕಳ ಉತ್ತರಪತ್ರಿಕೆ ಥರ ತಿದ್ದಬೇಕು ಅಂದರೆ ಒಂದೇ ಕೆಲಸ ಸಾಕು: ಕಾಗದ ತಲೆಕೆಳಗೆ ಹಿಡಿಯಿರಿ. ಮೊದಲ ಮೂರು ಕೊನೆಗೆ ಹೋಗಲಿ, ಕೊನೆಯವು ಮೇಲೆ ಬರಲಿ.

ಏಳನೇ ನಂಬರಿನಲ್ಲಿ, ಅದೂ ವಾಕ್ಯದ ಬಾಲದಲ್ಲಿ, ಕೂಲರ್ ಜುಮ್ ಅನ್ನುತ್ತದೆ ಅಂತ ಬರೆದಿದ್ದೀರಲ್ಲ, ಅದಕ್ಕೆ ದುಡ್ಡು, ಮುಹೂರ್ತ ಏನೂ ಕಾಯಬೇಡಿ. ಇದನ್ನು ಓದಿದ ಕೂಡಲೇ ಆ ಕೂಲರಿನ ಪ್ಲಗ್ ಕಿತ್ತಿಡಿ. ನಮ್ಮ ಕಡೆ ಏಪ್ರಿಲ್ ಮೇನಲ್ಲಿ ಕೂಲರ್ ಇಲ್ಲದೆ ಮಲಗೋದು ಕಷ್ಟ, ಗೊತ್ತು. ಆದರೆ ತಗಡಿನ ಮೈ, ಒಳಗೆ ನೀರು, ನೀರಿನಲ್ಲಿ ಪಂಪು, ಕೆಳಗೆ ಒದ್ದೆ ನೆಲ, ಬರಿಗಾಲಲ್ಲಿ ಬಂದು ನೀರು ತುಂಬೋ ಮಕ್ಕಳು. ಇವತ್ತು ಜುಮ್ ಅಂದದ್ದು ನಾಳೆ ಹಿಡಿದುಕೊಂಡರೆ ಬಿಡೋದಿಲ್ಲ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಆದರೆ ಅದರ ಹಿಂದೆ ಅರ್ತಿಂಗ್ ವೈರೇ ಇರೋದಿಲ್ಲ, ಸುಮ್ನೆ ತೋರಿಕೆಗೆ. ಒಳ್ಳೆ ಎಲೆಕ್ಟ್ರಿಷಿಯನ್ ಕರೆದು ಹೊಸ ಅರ್ತಿಂಗ್ ಗುಂಡಿ ತೋಡಿಸಿ, ಮೇನ್ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದ ಕ್ಷಣವೇ ಅದು ಲೈನ್ ಕಡಿಯುತ್ತದೆ. ನಮ್ಮ ಬೇಸಿಗೆಗೆ ಗುಂಡಿ ಒಣಗಿ ಬಿಡುತ್ತದೆ, ಒಣ ಮಣ್ಣಿನಲ್ಲಿ ಅರ್ತಿಂಗ್ ಇದ್ದೂ ಇಲ್ಲದ ಹಾಗೆ. ವಾರಕ್ಕೆ ಒಂದು ಕೊಡ ನೀರು ಹಾಕೋದು ರೂಢಿ ಮಾಡಿಕೊಳ್ಳಿ.

ಪೂರ್ತಿ ವೈರಿಂಗ್ ಬದಲಾಯಿಸೋದು ಇದರ ಮುಂದಿನ ಹಂತ. ಅದು ಆಗಲೇಬೇಕು, ಆದರೆ ಮಾಳಗಿ ಕೆಲಸ ಮುಗಿದ ಮೇಲೆ. ಹೊಸ ವೈರಿನ ಮೇಲೆ ಮಣ್ಣು ನೀರು ಬೀಳೋದು ಬೇಡ. ಒಂದು ಮಾತು ಗಟ್ಟಿಯಾಗಿ ಹೇಳಿಬಿಡಿ: ವೈರ್ ಕೂರಿಸೋಕೆ ಕಲ್ಲು-ಮಣ್ಣಿನ ಗೋಡೆಗೆ ಅಡ್ಡಡ್ಡ ಸೀಳು ಕೊರೆಯೋದು ಬೇಡ. ಮಷಿನ್ ಇಟ್ಟು ಕೊರೆದರೆ ಒಳಗಿನ ಮಣ್ಣು ಸಡಿಲಾಗಿ ಕಲ್ಲು ಅಲುಗುತ್ತದೆ. ಗೋಡೆ ಮೇಲೆ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಹಾಕಿಸಿ. ಚೆಂದ ಕಾಣೋದಿಲ್ಲ ಅಂತ ಮನೆಯವರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ಎಸಿ ಹಾಕೋ ಯೋಚನೆ ಮುಂದೆ ಇದ್ದರೂ ಅದಕ್ಕೆ ಈಗಲೇ 4 ಚದರ ಮಿಮೀ ತಾಮ್ರದ ವೈರನ್ನು ಬೇರೆಯೇ ಎಳೆಸಿಡಿ.

ಇನ್ನು ಮಾಳಗಿ. ನಿಮ್ಮ ಮೈದುನನಿಗೆ ಸಿಟ್ಟು ಬರದ ಹಾಗೆ ಈ ಲೆಕ್ಕ ತೋರಿಸಿ. ನೂರು ಚದರ ಅಡಿ ಮೇಲೆ ಮೂರಿಂಚು ಕಾಂಕ್ರೀಟ್ ಅಂದರೆ ಸುಮಾರು 1,700 ಕೆಜಿ. ಹತ್ತು ಅಡಿಗೆ ಹತ್ತು ಅಡಿಯ ಒಂದೇ ಕೋಣೆಯ ಲೆಕ್ಕ ಇದು. ಅದರ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಇಟ್ಟರೆ ಇನ್ನೊಂದು ಟನ್. ಇಷ್ಟೆಲ್ಲ ಹೊರಬೇಕಾದದ್ದು ಯಾವುದು? ಅರವತ್ತು ವರ್ಷದ ಜಂತಿ. ಅದರ ಮೇಲೆ ಈಗಾಗಲೇ ಎಷ್ಟು ಮಣ್ಣಿದೆ ಅಂತ ಯಾರಾದರೂ ನೋಡಿದ್ದಾರಾ? ಮಳೆಗಾಲಕ್ಕೆ ಮುಂಚೆ ಮಾಳಗಿಗೆ ಕರಲು ಮಣ್ಣು ಹಾಕೋದು ನಮ್ಮ ಕಡೆಯ ಹಳೇ ಪದ್ಧತಿ. ಹಾಕಿದವರು ಹಳೇದನ್ನು ತೆಗೆಯೋದಿಲ್ಲ. ಒಂದಿಂಚು ಮಣ್ಣು ಜಾಸ್ತಿ ಆದರೆ ನೂರು ಚದರ ಅಡಿಗೆ 400 ಕೆಜಿ ಭಾರ ಏರಿತು ಅಂತ ಲೆಕ್ಕ, ನೆನೆದರೆ ಇನ್ನೂ ಜಾಸ್ತಿ. ಒಂದಡಿ ಮಣ್ಣು ಹೊತ್ತು ನಿಂತ ಮಾಳಗಿಗಳನ್ನು ನಾನೇ ನೋಡಿದ್ದೇನೆ. ಮಳೆ ಹಿಡಿದು ಮೂರನೇ ದಿನ, ನಾಲ್ಕನೇ ದಿನ ಮಾಳಗಿ ಬೀಳೋದು ಈ ಭಾರಕ್ಕೆ.

ಹಾಗಾಗಿ ಮೊದಲು ಭಾರ ಇಳಿಸಿ. ಗೌಂಡಿ ಕರೆದು ಒಂದು ಮೂಲೆಯಲ್ಲಿ ಮಣ್ಣು ಅಗೆಸಿ ನೋಡಿ. ಕೆಳಗಿನಿಂದ ಒಂದೊಂದು ಜಂತಿಯನ್ನೂ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಸ್ಕ್ರೂಡ್ರೈವರ್ ಚುಚ್ಚಿ. ಜಂತಿಯ ನಡುಭಾಗ ಗಟ್ಟಿ ಇರುತ್ತದೆ, ಗೋಡೆಯೊಳಗೆ ಹೂತ ತುದಿ ಮೊದಲು ಕೊಳೆಯೋದು, ಕಣ್ಣಿಗೆ ಕಾಣದ ಜಾಗ ಅದೇ. ಮುಕ್ಕಾಲುಪಾಲು ಜಂತಿ ಗಟ್ಟಿಯಿದ್ದರೆ ಕೆಟ್ಟವನ್ನು ಬದಲಾಯಿಸಿ ತೆಳ್ಳಗೆ ಮಣ್ಣು ಮಾಡಿಸಿ. ಅರ್ಧಕ್ಕರ್ಧ ಹೋಗಿದ್ದರೆ ಮಾಳಗಿ ಪೂರ್ತಿ ಇಳಿಸಿ, ಮುಂದಿನ ಕೋಣೆಗಳ ಹಾಗೆ ಗರ್ಡರ್ ಹಾಕಿಸಿ. ಇದನ್ನು ಮಾತ್ರ ಗೌಂಡಿ ಮಾತಿನ ಮೇಲೆ ಬಿಡಬೇಡಿ. ಒಬ್ಬ ಸ್ಟ್ರಕ್ಚರಲ್ ಇಂಜಿನಿಯರಿಗೆ ಫೀಸು ಕೊಟ್ಟು ಕರೆತನ್ನಿ. ನೀರು ಹೊರಗೆ ಬೀಳೋ ದೋಣಿಗಳನ್ನು ನೀವೇ ಹತ್ತಿ ನೋಡಿ. ಅರ್ಧ ಸೋರಿಕೆ ದೋಣಿಯ ಬಾಯಿಗೆ ಕಸ ಕಟ್ಟಿದ್ದರಿಂದಲೇ ಇರುತ್ತದೆ. ಟ್ಯಾಂಕನ್ನು ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಹಾಕಿ ಇಡಿ, ಮಾಳಗಿ ಮೇಲೆ ಖಂಡಿತ ಬೇಡ.

ಇದನ್ನೆಲ್ಲ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 2019ರಲ್ಲಿ ನಾನೂ ನಮ್ಮ ಹಿರಿಯರ ಮನೆ ರಿಪೇರಿಗೆ ಇಳಿದು ಮೊದಲು ಮಾಡಿಸಿದ್ದು ಏನು ಗೊತ್ತಾ? ಪಡಸಾಲೆಗೆ ಪುಟ್ಟಿ, ತಿಳಿ ಹಳದಿ ಬಣ್ಣ, ಪಿಒಪಿ. ಬಂದವರೆಲ್ಲ ಹೊಗಳಿದರು. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಹರಿದ ಆ ಮಳೆ ಬಂತು ನೋಡಿ, ಎರಡು ರಾತ್ರಿಯಲ್ಲಿ ಪಿಒಪಿ ಉಬ್ಬಿ ಹಪ್ಪಳದ ಹಾಗೆ ಕಳಚಿ ಊಟದ ತಟ್ಟೆ ಪಕ್ಕ ಬಿತ್ತು. ಬಣ್ಣಕ್ಕೆ ಹಾಕಿದ ದುಡ್ಡೂ ಹೋಯಿತು, ಅದನ್ನು ಕೆರೆದು ತೆಗೆಯೋಕೆ ಮತ್ತೆ ಕೂಲಿ ಕೊಟ್ಟೆ. ಮಾಳಗಿ ನೋಡಿಸು ಅಂತ ನಮ್ಮವ್ವ ಮೊದಲೇ ಹೇಳಿದ್ದಳು ಅನ್ನೋದನ್ನು ಇಲ್ಲಿ ಬರೆಯಬಾರದು, ಆದರೂ ಬರೆದೆ.

ಬಿರುಕಿನ ವಿಷಯ. ಇದನ್ನು ಈಗ ಮುಚ್ಚಿಸಲೇಬೇಡಿ. ನಮ್ಮದು ಎರೆ ಮಣ್ಣಿನ ನಾಡು. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯೋ ಹಾಗೆ ಬಾಯಿ ಬಿಡುತ್ತದಲ್ಲ, ಮಳೆ ಬಿದ್ದರೆ ಉಬ್ಬಿ ಕೂಡಿಕೊಳ್ಳುತ್ತದಲ್ಲ, ಆ ಮಣ್ಣು ನಿಮ್ಮ ಬುನಾದಿ ಕೆಳಗೂ ಇದ್ದರೆ ಅಲ್ಲೂ ಅದೇ ಆಟ ಆಡುತ್ತದೆ. ಹಳೇ ಗೋಡೆಯ ಬುನಾದಿ ಒಂದು, 1995ರ ಅಡುಗೆಮನೆಯ ಬುನಾದಿ ಇನ್ನೊಂದು. ಒಂದು ಏರಿದರೆ ಇನ್ನೊಂದು ಏರೋದಿಲ್ಲ, ಹರಿಯೋದು ಕೂಡುವ ಜಾಗ. ಅಲ್ಲಿ ಸಿಮೆಂಟ್ ಮೆತ್ತಿದರೆ ಮುಂದಿನ ಬೇಸಿಗೆಗೆ ಅದರ ಪಕ್ಕದಲ್ಲೇ ಹೊಸ ಬಿರುಕು. ಅದರ ಬದಲು ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗೆರೆ ಹಾಕಿ, ಎಷ್ಟು ಅಗಲ ಇದೆ ಅಂತ ಅಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳಿಗೊಮ್ಮೆ ಅಳೆಯಿರಿ, ನಿಮಗೆ ಹಾಜರಿ ಹಾಕೋದು ಹೊಸದೇನಲ್ಲ. ಮಳೆಗಾಲದಲ್ಲಿ ಕೂಡಿ ಬೇಸಿಗೆಯಲ್ಲಿ ತೆರೆದರೆ ಮಣ್ಣಿನ ಆಟ ಅಂತ ಗೊತ್ತಾಗುತ್ತದೆ. ಆಮೇಲೆ ಆ ಸಂದಿಗೆ ಹಿಗ್ಗಿ ಕುಗ್ಗೋ ಸೀಲಂಟ್ ತುಂಬಿಸಿ ಮೇಲೊಂದು ಪಟ್ಟಿ ಹೊಡೆಸಿದರೆ ಸಾಕು. ಆದರೆ ಒಂದೇ ಸಮನೆ ಅಗಲವಾಗುತ್ತಾ ಹೋದರೆ, ಐದು ಮಿಲಿಮೀಟರ್ ದಾಟಿದರೆ, ಬಾಗಿಲು ಕಿಟಕಿ ಸಿಕ್ಕಿಕೊಳ್ಳೋಕೆ ಶುರುವಾದರೆ, ವರ್ಷ ಕಾಯಬೇಡಿ, ಆ ಇಂಜಿನಿಯರನ್ನೇ ಮತ್ತೆ ಕರೆಯಿರಿ.

ಮತ್ತೆ ನಿಮ್ಮ ನಾಲ್ಕನೇ ನಂಬರಿಗೂ ಆರನೇ ನಂಬರಿಗೂ ನಂಟಿದೆ ಅಂತ ನನ್ನ ಗುಮಾನಿ. ಬಚ್ಚಲ ನೀರು ಹೋಗೋ ಕಡೆ ಗೋಡೆ ತೇವ ಅಂದಿರಲ್ಲ? ಆ ನೀರು ದಿನಾ ಬುನಾದಿಗೆ ಇಳಿಯುತ್ತಿದ್ದರೆ ಒಂದು ಕಡೆಯ ಎರೆ ಮಣ್ಣು ವರ್ಷವಿಡೀ ಉಬ್ಬಿರುತ್ತದೆ, ಉಳಿದದ್ದು ಒಣಗಿರುತ್ತದೆ. ಬಿರುಕು ಬಿಡದೆ ಏನು ಮಾಡುತ್ತದೆ? ಹಳೇ ಮೋರಿ ಮುಚ್ಚಿಸಿ, ಪೈಪ್ ಹಾಕಿ, ಗೋಡೆಯಿಂದ ದೂರ ಚೇಂಬರ್ ಕಟ್ಟಿಸಿ ಓಣಿಯ ಗಟಾರಕ್ಕೆ ಕೂಡಿಸಿ. ಮನೆ ಸುತ್ತ ಎರಡು-ಮೂರು ಅಡಿ ಅಗಲ ಫರಸಿ ಹಾಸಿಸಿ, ಇಳಿಜಾರು ಹೊರಮುಖ ಇರಲಿ. ಖರ್ಚು ಅಡುಗೆಮನೆಗೆ ಹೋಲಿಸಿದರೆ ಏನೇನೂ ಅಲ್ಲ. ಅರ್ಧ ತೇವ, ಅರ್ಧ ಬಿರುಕು ಅದರಲ್ಲೇ ತಣ್ಣಗಾಗುತ್ತವೆ. ನೆಲ ಅಗೆದಾಗಲೇ ತುಕ್ಕು ಹಿಡಿದ ಹಳೇ ಕಬ್ಬಿಣದ ನೀರಿನ ಪೈಪೂ ಬದಲಾಯಿಸಿಬಿಡಿ, ಎರಡು ಸಲ ಯಾಕೆ ಅಗೆಯೋದು.

ವರಲಿ ಬೇಗ ಮುಗಿಯೋ ಕೆಲಸ. ಔಷಧ ಹೊಡೆಯೋರನ್ನು ಕರೆಸಿ, ಗೋಡೆ ಬುಡಕ್ಕೆ ತೂತು ಹಾಕಿ ಔಷಧ ಬಿಡಿಸಿ, ಆಮೇಲೆ ಚೌಕಟ್ಟು ನೋಡಿ. ತೇವ ನಿಲ್ಲಿಸದೆ ಬರೀ ಚೌಕಟ್ಟು ಬದಲಾಯಿಸಿದರೆ ಹೊಸ ಕಟ್ಟಿಗೆ ಹಾಕಿ ವರಲಿಗೆ ಊಟ ಬಡಿಸಿದ ಹಾಗೆ.

ಫರಸಿ ಕೀಳಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಶಹಾಬಾದ್ ನಮ್ಮ ಜಿಲ್ಲೆಯಲ್ಲೇ ಇದೆ, ಆ ಕಲ್ಲನ್ನು ಎಲ್ಲೆಲ್ಲಿಯವರೋ ತರಿಸಿ ಹಾಸಿಕೊಳ್ಳುತ್ತಾರೆ, ನಾವು ಕಿತ್ತು ಹಿತ್ತಲಿಗೆ ಎಸೆಯುತ್ತೇವೆ. ಮೇ ತಿಂಗಳ ಮಧ್ಯಾಹ್ನ ಹಳೇ ಫರಸಿ ಮೇಲೆ ಚಾಪೆ ಹಾಕದೆ ಮಲಗಿ ನೋಡಿ, ಆಮೇಲೆ ಟೈಲ್ಸ್ ಮಾತು. ಏರುಪೇರಾದ ಕಲ್ಲುಗಳನ್ನಷ್ಟೇ ಎತ್ತಿ ಮತ್ತೆ ಕೂಡಿಸಿ, ಸಂದಿ ತುಂಬಿಸಿ, ಪಾಲಿಶ್ ಹಿಡಿಸಿ. ಆಸಿಡ್ ಹಾಕಿ ತಿಕ್ಕೋದು ಬೇಡ, ಅದು ಸುಣ್ಣದ ಕಲ್ಲು, ಆಸಿಡ್ ಬಿದ್ದಲ್ಲಿ ಮೇಲ್ಮೈ ತಿಂದುಹಾಕುತ್ತದೆ.

ಅಡುಗೆಮನೆ, ಬಣ್ಣ ಮುಂದಿನ ವರ್ಷಕ್ಕೆ. ಈ ವರ್ಷ ಕಟ್ಟೆ, ಸಿಂಕು, ಎರಡು ಕಪಾಟು ಸಾಕು. ಗೋಡೆಗೆ ಸುಣ್ಣ ಹೊಡೆಸಿ, ಅತ್ತೆಯವರ ದಸರಾ ಆಸೆಯೂ ಈಡೇರುತ್ತದೆ. ಮುಂದಿನ ಕೋಣೆಗಳ ಛಾವಣಿಗೂ ಬೇಸಿಗೆ ಶುರುವಿನಲ್ಲಿ ಸುಣ್ಣ ಬಳಿಸಿ, ಒಳಗೆ ಕಾವು ಕಡಿಮೆಯಾಗುತ್ತದೆ.

ದುಡ್ಡಿನ ಬಗ್ಗೆ: 6 ಲಕ್ಷದಲ್ಲಿ 1 ಲಕ್ಷ ಇಲ್ಲವೇ ಇಲ್ಲ ಅಂತ ತಿಳಿದು ಬೇರೆ ಖಾತೆಯಲ್ಲಿಡಿ. ಮಾಳಗಿ ಬಿಚ್ಚಿದ ದಿನ ಅದು ಬೇಕಾಗುತ್ತದೆ, ನೋಡಿರಿ. ಸಮಯದ ಬಗ್ಗೆ: ಮಿರಗದ (ಮೃಗಶಿರಾ) ಮಳೆ ಜೂನ್ ಮೊದಲ ವಾರದ ಕೊನೆಗೆ ಬಾಗಿಲಲ್ಲಿರುತ್ತದೆ. ಅಷ್ಟರೊಳಗೆ ಕೂಲರ್, ಮಾಳಗಿ, ಬಚ್ಚಲ ನೀರು ಮುಗಿಯಲಿ. ವೈರಿಂಗ್ ಮಳೆಗಾಲದಲ್ಲೂ ಮಾಡಬಹುದು. ಸಿಮೆಂಟ್ ಕೆಲಸ ಮೇನಲ್ಲಿ ಬಿದ್ದರೆ ಕನಿಷ್ಠ ಹತ್ತು ದಿನ ನೀರು ಹೊಡೆಯಲೇಬೇಕು, ಗೋಣಿತಟ್ಟು ಹೊದಿಸಿ. ನೀರು ಬಿಡೋ ದಿನ ನೋಡಿಕೊಂಡು ಡ್ರಮ್ಮುಗಳಲ್ಲಿ ತುಂಬಿಟ್ಟುಕೊಂಡಿರಿ.

ಪ್ರಶ್ನೆ: ಸರ್, ಬೀದರ್ ಕೋಟೆ ಹತ್ತಿರ ಹಳೇ ಊರಲ್ಲಿ ಮನೆ ತಗೊಂಡೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆ. ಹಿಂದಿನವರು ಐದು ವರ್ಷದ ಕೆಳಗೆ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಮಾಡಿಸಿದ್ದರು, ಅದು ನೆಲದಿಂದ ಮೂರಡಿವರೆಗೆ ಉಬ್ಬಿ ಉದುರುತ್ತಿದೆ, ಬಿಳಿ ಪುಡಿ ಬರುತ್ತಿದೆ. ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ನಿಲ್ಲುತ್ತದಾ? ಇದನ್ನೇ ಮೊದಲು ಮಾಡಿಸಬೇಕು ಅಂತಿದ್ದೇನೆ.

ಉತ್ತರ: ನಿಲ್ಲೋದಿಲ್ಲ ತಮ್ಮಾ. ಮೂರಡಿಯ ತೇವ ಐದಡಿಗೆ ಏರುತ್ತದೆ, ಅಷ್ಟೇ. ಜಂಬಿಟ್ಟಿಗೆ ತೂತು ತೂತಿನ ಕಲ್ಲು. ನೆಲದಿಂದ ನೀರು ಹೀರುತ್ತದೆ, ಗಾಳಿ ಸಿಕ್ಕರೆ ಬಿಟ್ಟುಬಿಡುತ್ತದೆ. ಹಳಬರು ಅದಕ್ಕೆ ಸುಣ್ಣದ ಗಾರೆ ಹಚ್ಚುತ್ತಿದ್ದರು, ಅದರ ಮೂಲಕ ತೇವ ಹೊರಗೆ ಹೋಗುತ್ತಿತ್ತು. ಸಿಮೆಂಟ್ ಆ ದಾರಿ ಮುಚ್ಚಿತು. ಒಳಗೆ ಸಿಕ್ಕಿಬಿದ್ದ ನೀರು ಉಪ್ಪನ್ನು ಎಳೆದು ತಂದು ಗಿಲಾವನ್ನೇ ತಳ್ಳುತ್ತದೆ. ನೀವು ಹೇಳೋ ಬಿಳಿ ಪುಡಿ ಆ ಉಪ್ಪೇ. ಅದರ ಮೇಲೆ ಪ್ಲಾಸ್ಟಿಕ್ ಥರದ ಪೇಂಟ್ ಬಳಿಯೋದು ಜ್ವರ ಬಂದವನಿಗೆ ರೇನ್‌ಕೋಟ್ ಹಾಕಿದ ಹಾಗೆ.

ಮೊದಲು ನೀರು ಎಲ್ಲಿಂದ ಬರುತ್ತದೆ ನೋಡಿ. ರಸ್ತೆ ಮೇಲೆ ರಸ್ತೆ ಹಾಕಿ ಓಣಿ ನಿಮ್ಮ ನೆಲಕ್ಕಿಂತ ಎತ್ತರ ಆಗಿರಬಹುದು, ಹಳೇ ಊರುಗಳಲ್ಲಿ ಇದು ಮನೆಮನೆಯ ಕಥೆ. ಗೋಡೆಗೆ ಹತ್ತಿ ನಿಂತ ಮಣ್ಣು, ಕಸ ತೆಗೆಸಿ. ಆಮೇಲೆ ಉದುರೋ ಸಿಮೆಂಟನ್ನು ಪೂರ್ತಿ ಕಿತ್ತು, ಕಲ್ಲನ್ನು ಒಂದು ಬೇಸಿಗೆ ಹಾಗೇ ಬರಿಮೈಯಲ್ಲಿ ಬಿಡಿ. ಉಪ್ಪು ಬಂದಾಗೆಲ್ಲ ಒಣ ಬ್ರಷ್‌ನಿಂದ ಗುಡಿಸಿ, ನೀರು ಹಾಕಿ ತೊಳೆಯಬೇಡಿ, ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಒಣಗಿದ ಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಉಸುಕಿನ ಗಾರೆ ಮಾಡಿಸಿ. ಸುಣ್ಣದ ಕೆಲಸ ಬಲ್ಲ ಗೌಂಡಿ ಸಿಗೋದು ಕಷ್ಟ, ಹಳೇ ಗುಂಬಜ್, ಮಸೀದಿ, ಮಠಗಳ ದುರಸ್ತಿ ಮಾಡಿದವರನ್ನು ಹುಡುಕಿ. 1472ರ ಮಹಮೂದ್ ಗವಾನ್ ಮದರಸಾ ನಿಮ್ಮ ಓಣಿಯಿಂದ ನಡೆದು ಹೋಗೋ ದೂರದಲ್ಲಿದೆ, ಸುಣ್ಣ ಎಷ್ಟು ಬಾಳುತ್ತದೆ ಅಂತ ಅನುಮಾನ ಬಂದರೆ ಹೋಗಿ ಗೋಡೆ ಮುಟ್ಟಿ ನೋಡಿ ಬನ್ನಿ. ಆದರೆ ಇದನ್ನೇ ಮೊದಲು ಮಾಡಿಸಬೇಕಿಲ್ಲ. ಛಾವಣಿ, ವೈರಿಂಗ್ ಆಗಲಿ. ಗೋಡೆ ಅಷ್ಟರಲ್ಲಿ ಒಣಗುತ್ತಿರುತ್ತದೆ.

ಪ್ರಶ್ನೆ: ಶಹಾಪುರದಿಂದ ಬರೆಯುತ್ತಿದ್ದೇನೆ. ಹಳೇ ಮನೆ ರಿಪೇರಿಗೆ ಗುತ್ತಿಗೆದಾರರು ಒಟ್ಟು 4 ಲಕ್ಷ ಅಂತ ಬಾಯಿಮಾತಲ್ಲಿ ಹೇಳಿ ಅರ್ಧ ಅಡ್ವಾನ್ಸ್ ಕೇಳುತ್ತಿದ್ದಾರೆ. ಕೊಡಲಾ?

ಉತ್ತರ: ಬೇಡ. ಹೊಸ ಮನೆಗೆ ಒಟ್ಟು ಗುತ್ತಿಗೆ ನಡೆಯುತ್ತದೆ, ಹಳೇ ಮನೆಗೆ ನಡೆಯೋದಿಲ್ಲ. ಗೋಡೆ ಬಿಚ್ಚುವ ತನಕ ಒಳಗೇನಿದೆ ಅಂತ ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ರೇಟ್ ಹೇಳಿದವರು ಒಂದೋ ಜಾಸ್ತಿ ಹೇಳಿರುತ್ತಾರೆ, ಇಲ್ಲಾ ನಡುವೆ ಕೈಬಿಟ್ಟು ಹೋಗುತ್ತಾರೆ. ಕೆಡವಿ ನೋಡೋ ಕೆಲಸವನ್ನು ದಿನಗೂಲಿ ಮೇಲೆ ಮಾಡಿಸಿ. ಎಲ್ಲ ಕಣ್ಣಿಗೆ ಕಂಡ ಮೇಲೆ ಛಾವಣಿಗೆ ಇಷ್ಟು, ಗಿಲಾವಿಗೆ ಅಡಿಗಿಷ್ಟು ಅಂತ ಕೆಲಸವಾರು ಬರೆಸಿ ಸಹಿ ಹಾಕಿಸಿ. ಸಾಮಾನು ನೀವೇ ತನ್ನಿ. ಆ ವಾರದ ಕೂಲಿಗೆ ಸಾಕಾಗುವಷ್ಟು ಮಾತ್ರ ಮುಂಗಡ ಕೊಡಿ, ಉಳಿದದ್ದು ಒಂದೊಂದು ಕೆಲಸ ಮುಗಿದಂತೆ. ಛಾವಣಿ ಕೆಲಸದ ಕೊನೆಯ ಹತ್ತನೇ ಒಂದು ಪಾಲನ್ನು ಮಾತ್ರ ಒಂದು ದೊಡ್ಡ ಮಳೆ ಬಂದು ಹೋದ ಮೇಲೆ ಕೊಡುತ್ತೇನೆ ಅಂತ ಮೊದಲೇ ಕಾಗದದಲ್ಲಿ ಬರೆಸಿಡಿ.